ಗಾಜಿನ ತಟ್ಟೆಯಿಂದ ಕೆಚ್ಚಲಿನವರೆಗೆ

ದನದ ನಾಟಿ ಮದ್ದಿನ ಚರಿತ್ರೆ ಹೇಳುವವರು ಸಾಮಾನ್ಯವಾಗಿ 12ನೆಯ ಶತಮಾನದ ಕೀರ್ತಿವರ್ಮನ ‘ಗೋವೈದ್ಯ’ದಿಂದ ಹೊರಡುತ್ತಾರೆ. ಹೊರಡಲಿ, ಆದರೆ ಬ್ಯಾಕ್ಟೀರಿಯಾ ಎಂಬುದರ ಅರಿವೇ ಇಲ್ಲದ ಕಾಲದ ಗ್ರಂಥದ ಮೇಲೆ ಬ್ಯಾಕ್ಟೀರಿಯಾ ಕೊಂದ ಬಿರುದು ಹೊರಿಸಬೇಕಿಲ್ಲ. ಪೆನಿಸಿಲಿನ್ ಹಳ್ಳಿಗೆ ಬಂದ ಮೇಲೆ ಸೊಪ್ಪು ಅರೆಯುವವರು ಹಿಂದೆ ಸರಿದರು. ಈಗ ಆ್ಯಂಟಿಬಯಾಟಿಕ್‌ಗಳೇ ಸೋಲುತ್ತಿರುವಾಗ, 2019ರಲ್ಲಿ ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ ಅನ್ನು ಆಹಾರಕ್ಕಾಗಿ ಸಾಕುವ ಪಶುಗಳಿಗೆ ಬಳಸದಂತೆ ಕೇಂದ್ರ ಸರಕಾರವೇ ತಡೆದಿರುವಾಗ, ಎಲ್ಲರಿಗೂ ಬೇವು, ತುಂಬೆ, ಲಕ್ಕಿ ನೆನಪಾಗಿವೆ. ಈ ಭರದಲ್ಲಿ ವೈರಸ್ಸಿನಿಂದ ಬರುವ ಕಾಲುಬಾಯಿ ರೋಗವನ್ನೂ, ಲಸಿಕೆಯಿಂದಲೇ ತಡೆಯಬೇಕಾದ ಚಪ್ಪೆ ರೋಗವನ್ನೂ ಒಂದೇ ಗಂಟಿಗೆ ಕಟ್ಟುವುದು ಅಪಾಯ.

ಈ ಕ್ಷೇತ್ರಕ್ಕೆ ನಿಜವಾದ ತಿರುವು ಕೊಟ್ಟದ್ದು ನಮ್ಮ ತಲೆಮಾರು. ಸ್ಥಳೀಯ ಆರೋಗ್ಯ ಪರಂಪರೆಗಳ ಪುನಶ್ಚೇತನಕ್ಕೆಂದು 1993ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಂಸ್ಥೆಯಾದ ಎಫ್‌ಆರ್‌ಎಲ್‌ಎಚ್‌ಟಿಯ ಬಾಲಕೃಷ್ಣನ್ ನಾಯರ್ ಮತ್ತು ತಂಜಾವೂರಿನ ಪಶುವೈದ್ಯ ಪುಣ್ಯಮೂರ್ತಿ, ಚದುರಿದ ಮನೆಮದ್ದುಗಳಿಗೆ ಅಳತೆ ತಂದರು. ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ ಅವನ್ನು ಹಾಲಿನ ಸಂಘಗಳಿಗೆ ಮುಟ್ಟಿಸಿತು. ಕೆಚ್ಚಲು ಬಾವಿಗೆ 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ ಅರೆದು, ಕೆಚ್ಚಲು ತೊಳೆದು, ಹಾಲು ಪೂರ್ತಿ ಹಿಂಡಿ, ದಿನಕ್ಕೆ ಹತ್ತು ಸಲ ಹಚ್ಚುವುದು: ಇದು ತೀರಾ ಅಗ್ಗದ ಚಿಕಿತ್ಸೆ. ಇತ್ತ ಪ್ರಯೋಗಾಲಯಗಳದು ಬೇರೆ ದಾರಿ. ಎಲೆಯ ರಸವನ್ನು ಗಾಜಿನ ತಟ್ಟೆಯಲ್ಲಿ ಬೆಳೆದ, ಕೆಚ್ಚಲು ಬಾವು ತರುವ ಸ್ಟ್ಯಾಫಿಲೊಕಾಕಸ್ ಸೂಕ್ಷ್ಮಾಣುವಿನ ಮೇಲೆ ಹಾಕಿ, ಸುತ್ತ ಬಿದ್ದ ಬರಿದು ವಲಯವನ್ನು ಮಿಲಿಮೀಟರಿನಲ್ಲಿ ಅಳೆದು ಪ್ರಬಂಧ ಬರೆಯುವುದು. ಅಂಥವು ರಾಶಿ ಬಿದ್ದಿವೆ. ಕೆಚ್ಚಲಿನ ಜೀವಕೋಶದೊಳಗೆ ಅವಿತ ಅದೇ ಸೂಕ್ಷ್ಮಾಣುವಿನ ಬಗ್ಗೆ ಆ ತಟ್ಟೆ ಏನನ್ನೂ ಹೇಳದು. ಇನ್ನು ಲೇಪದಲ್ಲಿ ಸುಣ್ಣ ಬಿದ್ದೊಡನೆ ಅರಿಶಿನ ಕೆಂಪಾಗುತ್ತದೆ. ಕ್ಷಾರದಲ್ಲಿ ಅರಿಶಿನದ ಸತ್ವವಾದ ಕರ್ಕ್ಯುಮಿನ್ ಬೇಗ ಒಡೆದೂ ಹೋಗುತ್ತದೆ. ಅಂದಮೇಲೆ ಬರೀ ಅರಿಶಿನದ ಫಲಿತಾಂಶವನ್ನು ಈ ಲೇಪಕ್ಕೆ ಅಂಟಿಸುವುದು ಹೇಗೆ?

ಹಸು ವಾಸಿಯಾದ ಮೇಲೆ ಈ ತಕರಾರೇಕೆ ಎನ್ನುವವರಿದ್ದಾರೆ. ತಕರಾರು ಇಷ್ಟೇ: ಮತ್ತೆ ಮತ್ತೆ ಹಾಲು ಹಿಂಡುವುದರಿಂದಲೂ ಬಾವು ಇಳಿಯಬಹುದು, ಇ. ಕೋಲಿಯ ಸೋಂಕು ಎಷ್ಟೋ ಸಲ ತಾನಾಗಿ ಹೋಗುತ್ತದೆ. ಹಾಲು ತಿಳಿಯಾದರೆ ಸೋಂಕು ಹೋಯಿತೆಂದಲ್ಲ. ಬರೀ ತೊಳೆದು ಹಿಂಡಿದ ಹಸುಗಳನ್ನು ಪಕ್ಕದಲ್ಲಿಟ್ಟು, ಮೊದಲೂ ಆಮೇಲೂ ಹಾಲನ್ನು ಕಲ್ಚರ್‌ಗೆ ಕಳಿಸಿದರಷ್ಟೇ ಲೇಪದ ಪಾಲೆಷ್ಟೆಂದು ತಿಳಿದೀತು. ಅದಕ್ಕೆ ಕೋಲಾರ ಜಿಲ್ಲೆಯ ಬಂಗಾರಪೇಟೆ, ಕೆಜಿಎಫ್ ಸೀಮೆಗಿಂತ ಒಳ್ಳೆಯ ಜಾಗ ಹುಡುಕಬೇಕಿಲ್ಲ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ಜಿಲ್ಲೆಯ ರೈತ ಹಾಲನ್ನೇ ನಂಬಿದ್ದಾನೆ. ಸೀಮೆಹಸುವಿಗೆ ಕೆಚ್ಚಲು ಬಾವು ಬಂದರೆ ಮನೆಯ ಖರ್ಚೇ ನಿಂತುಹೋಗುತ್ತದೆ. ಹಾಲೋ, ಎರಡು ಹೊತ್ತೂ ಸಂಘದ ಪರೀಕ್ಷೆಯ ಮುಂದೆ ಬರುತ್ತದೆ. ಶುರುವಿಗೆ ಮೊದಲು ಹೆಸರಿನ ತೊಡಕೊಂದನ್ನು ಬಿಡಿಸಬೇಕು. ಕೆಜಿಎಫ್‌ನ ತಮಿಳು ಮಾತಿನ ಗಣಿಕೇರಿಯಲ್ಲಿ ಲೋಳೆಸರಕ್ಕೆ ‘ಕತ್ತಾಳೈ’ ಎಂದರೆ, ಕನ್ನಡದ ಹಳ್ಳಿಯಲ್ಲಿ ‘ಕತ್ತಾಳೆ’ ಎಂಬುದು ಬೇಲಿಯ ಮುಳ್ಳುಗಿಡ. ಅದರ ರಸ ಚರ್ಮವನ್ನು ಸುಡುತ್ತದೆ. ಬಾತ ಕೆಚ್ಚಲಿಗೆ ಅದನ್ನು ಹಚ್ಚಿದರೆ ಹಸು ಮತ್ತೆ ಹತ್ತಿರ ಸೇರಿಸದು.