ಕಾಡುಸೀಮೆಯ ಚಳಿಜ್ವರ: ಒಂದು ಸಂಶೋಧನೆಯ ಚರಿತ್ರೆ

ದಾಂಡೇಲಿ ಎಂದೊಡನೆ ನಿಮಗೆ ಕಾಗದದ ಕಾರ್ಖಾನೆ, ಕಾಳಿ ನದಿ, ಅಭಯಾರಣ್ಯ ನೆನಪಾಗಬಹುದು. ಜೋಯಿಡಾ ಎಂದರೆ ಸೂಪಾ ಅಣೆಕಟ್ಟು, ಮುಂಡಗೋಡ ಎಂದರೆ ಟಿಬೆಟನ್ನರ ನೆಲೆ, ಹಳಿಯಾಳ ಎಂದರೆ ಬತ್ತದ ಗದ್ದೆ ಮತ್ತು ಸಾಗುವಾನಿ ಕಾಡು. ಆದರೆ ಎಂಬತ್ತು ವರ್ಷಗಳ ಹಿಂದೆ ಈ ಹೆಸರುಗಳನ್ನು ಕೇಳಿದವರಿಗೆ ಮೊದಲು ನೆನಪಾಗುತ್ತಿದ್ದುದು ಚಳಿಜ್ವರ, ಅಂದರೆ ಮಲೇರಿಯ. ಆ ಜ್ವರವನ್ನು ಇಲ್ಲಿಂದ ಓಡಿಸಲು ನಡೆದ ಅಧ್ಯಯನವೊಂದು ಮುಂದೆ ಇಡೀ ದೇಶದ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಅದು ನಡೆದದ್ದು ವಿಶ್ವವಿದ್ಯಾಲಯದ ಕಟ್ಟಡದಲ್ಲಿ ಅಲ್ಲ, ಹಳ್ಳಿಯ ಮಣ್ಣಿನ ಗೋಡೆಗಳ ಮೇಲೆ. ನಮ್ಮ ಪಠ್ಯಪುಸ್ತಕಗಳಲ್ಲಿ ರೊನಾಲ್ಡ್ ರಾಸ್ ಇದ್ದಾರೆ; ಈ ಕಥೆ ಇಲ್ಲ.

ಜ್ವರಕ್ಕೆ ಹೆಸರಾದ ಸೀಮೆ

ಇಂದಿನ ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತ್ಯದ ಕೆನರಾ ಜಿಲ್ಲೆ. ಜೋಯಿಡಾ ತಾಲ್ಲೂಕಿಗೆ ಆಗ ಸೂಪಾ ಎಂದೇ ಹೆಸರು. ಆ ಹೆಸರಿನ ಊರು ಈಗ ಕಾಳಿ ನದಿಯ ಹಿನ್ನೀರಿನಲ್ಲಿ ಮುಳುಗಿದೆ. ದಾಂಡೇಲಿ ಆಗಿನ್ನೂ ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ. ಘಟ್ಟದ ಮೇಲಿನ ಈ ಸೀಮೆಯಲ್ಲಿ ಕಾಡು, ತೊರೆ, ಚಿಕ್ಕ ಚಿಕ್ಕ ಹಳ್ಳಿಗಳು. ಕುಣಬಿ, ಸಿದ್ದಿ, ಗೌಳಿ ಜನ ಕಾಡಿನಂಚಿನಲ್ಲಿ ಬದುಕುತ್ತಿದ್ದರು.

ಜನಗಣತಿಯ ಅಂಕಿಗಳನ್ನು ನೋಡಿ. 1901ರಲ್ಲಿ ಕೆನರಾ ಜಿಲ್ಲೆಯ ಜನಸಂಖ್ಯೆ ಸುಮಾರು 4.5 ಲಕ್ಷ. 1921ರಲ್ಲಿ ಅದು ಸುಮಾರು 4 ಲಕ್ಷಕ್ಕೆ ಇಳಿದಿತ್ತು. ಇದಕ್ಕೆ ಮಲೇರಿಯ ಒಂದೇ ಕಾರಣ ಎನ್ನುವಂತಿಲ್ಲ. ಆ ನಡುವೆ ಪ್ಲೇಗ್ ಇತ್ತು, 1918ರ ಇನ್‌ಫ್ಲುಯೆಂಜ ಬಂದುಹೋಗಿತ್ತು. ಆದರೆ ಆ ಎರಡೂ ಬಂದು ಹೋಗುವ ಪಿಡುಗುಗಳು. ಮಲೇರಿಯ ಹಾಗಲ್ಲ, ಅದು ಪ್ರತಿ ವರ್ಷವೂ ಬರುತ್ತಿತ್ತು. ಮಕ್ಕಳನ್ನು ಕೊಲ್ಲುತ್ತಿತ್ತು, ಬದುಕಿ ಉಳಿದವರನ್ನು ರಕ್ತಹೀನರನ್ನಾಗಿ ಮಾಡಿ ದುಡಿಯಲಾರದಂತೆ ಮಾಡುತ್ತಿತ್ತು. ದುಡಿಯುವ ಕೈ ಇಲ್ಲದೆ ಗದ್ದೆ ಪಾಳು ಬೀಳುತ್ತಿತ್ತು. ಹೊಟ್ಟೆಯ ಎಡಭಾಗದಲ್ಲಿ ಗುಲ್ಮ ಊದಿಕೊಂಡು ಕೈಗೆ ಗಟ್ಟಿಯಾಗಿ ಸಿಗುವುದನ್ನು ಜನ ಜ್ವರಗಡ್ಡೆ ಎನ್ನುತ್ತಿದ್ದರು.

ಈ ಜ್ವರಗಡ್ಡೆಯೇ ಸಂಶೋಧಕರಿಗೆ ಅಳತೆಗೋಲಾಯಿತು. ಎರಡರಿಂದ ಹತ್ತು ವರ್ಷದ ಮಕ್ಕಳಲ್ಲಿ ನೂರಕ್ಕೆ ಎಷ್ಟು ಮಂದಿಗೆ ಗುಲ್ಮ ಊದಿದೆ ಎಂದು ಎಣಿಸಿದರೆ ಆ ಊರಿನ ಮಲೇರಿಯದ ತೀವ್ರತೆ ತಿಳಿಯುತ್ತದೆ. ಇದು ಗುಲ್ಮ ದರ. ಡೆಂಪ್‌ಸ್ಟರ್ ಎಂಬ ವೈದ್ಯ 1840ರ ದಶಕದಲ್ಲಿ, ಉತ್ತರ ಭಾರತದ ಕಾಲುವೆ ಪ್ರದೇಶಗಳಲ್ಲಿ ಈ ವಿಧಾನವನ್ನು ಬಳಕೆಗೆ ತಂದ. ಮಲೇರಿಯದ ಪರೋಪಜೀವಿಯಾಗಲಿ ಸೊಳ್ಳೆಯ ಪಾತ್ರವಾಗಲಿ ಯಾರಿಗೂ ಗೊತ್ತಿಲ್ಲದ ಕಾಲವದು! ಸೂಕ್ಷ್ಮದರ್ಶಕವಿಲ್ಲದೆ, ಬರಿಗೈಯಿಂದ ಮಾಡಬಹುದಾದ ಅಳತೆ ಇದು.

ಯಾವ ಸೊಳ್ಳೆ?

1942ರಲ್ಲಿ ಮುಂಬಯಿ ಪ್ರಾಂತ್ಯದ ಸಾರ್ವಜನಿಕ ಆರೋಗ್ಯ ಇಲಾಖೆಯಲ್ಲಿ ಪ್ರತ್ಯೇಕ ಮಲೇರಿಯ ಸಂಘಟನೆ ರೂಪುಗೊಂಡಿತು. ಅದರ ಮುಂದಾಳು ಡಾ. ಡಿ.ಕೆ. ವಿಶ್ವನಾಥನ್. ಅವರ ಸಹೋದ್ಯೋಗಿ ಕೀಟವಿಜ್ಞಾನಿ ಟಿ. ರಾಮಚಂದ್ರ ರಾವ್. ಇವರು ಔಷಧ ಹಂಚುವುದಕ್ಕೆ ಮೊದಲು ಕೇಳಿಕೊಂಡ ಪ್ರಶ್ನೆ: ಇಲ್ಲಿ ರೋಗ ಹರಡುತ್ತಿರುವುದು ಯಾವ ಸೊಳ್ಳೆ?

ಮಲೇರಿಯ ಹರಡುವುದು ಅನಾಫಿಲಿಸ್ ಸೊಳ್ಳೆ ಎಂದು ನೀವು ಓದಿದ್ದೀರಿ. ಆದರೆ ಭಾರತದಲ್ಲಿ ಅನಾಫಿಲಿಸ್‌ನ ಐವತ್ತಕ್ಕೂ ಹೆಚ್ಚು ಪ್ರಭೇದಗಳಿವೆ. ಅವುಗಳಲ್ಲಿ ರೋಗ ಹರಡುವುದು ಕೆಲವು ಮಾತ್ರ. ಯಾವುದು ಎಂದು ತಿಳಿಯಬೇಕಾದರೆ ಮನೆ, ಕೊಟ್ಟಿಗೆಗಳಲ್ಲಿ ಸೊಳ್ಳೆ ಹಿಡಿದು, ಒಂದೊಂದನ್ನೂ ಸೀಳಿ, ಅದರ ಜೊಲ್ಲುಗ್ರಂಥಿಯಲ್ಲಿ ಪರೋಪಜೀವಿಯ ಬೀಜಕಣಗಳು ಇವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನೂರಾರು ಸೊಳ್ಳೆ ಸೀಳಿದರೂ ಒಂದೆರಡರಲ್ಲಿ ಮಾತ್ರ ಸಿಗಬಹುದಾದ ತಾಳ್ಮೆಯ ಕೆಲಸ.

ಕೆನರಾದ ಕಾಡುಸೀಮೆಯಲ್ಲಿ ಮುಖ್ಯ ವಾಹಕವಾಗಿ ಕಂಡದ್ದು ಅನಾಫಿಲಿಸ್ ಫ್ಲುವಿಯಾಟಿಲಿಸ್. ಇದರ ಮರಿಹುಳುಗಳು ಕೊಳೆತ ನೀರಿನಲ್ಲಿ ಬೆಳೆಯುವುದಿಲ್ಲ. ನಿಧಾನವಾಗಿ ಹರಿಯುವ ತಿಳಿನೀರಿನ ತೊರೆಗಳ ಹುಲ್ಲಂಚೇ ಅವಕ್ಕೆ ಬೇಕು. ಜೋರು ಮಳೆಗಾಲದಲ್ಲಿ ತೊರೆ ಉಕ್ಕಿ ಮರಿಹುಳು ಕೊಚ್ಚಿಹೋಗುತ್ತವೆ. ಮಳೆ ನಿಂತು ನೀರು ತಿಳಿಯಾದ ಮೇಲೆ ಸೊಳ್ಳೆ ಹೆಚ್ಚುತ್ತದೆ. ಸುಗ್ಗಿಯ ಹೊತ್ತಿಗೆ ಸರಿಯಾಗಿ ಜ್ವರವೂ ಬರುತ್ತದೆ! ಪಕ್ಕದ ಧಾರವಾಡ ಜಿಲ್ಲೆಯ ಬಯಲಿನಲ್ಲಿ ಇರುವುದು ಬೇರೆಯೇ ವಾಹಕ, ಅನಾಫಿಲಿಸ್ ಕ್ಯುಲಿಸಿಫೇಸಿಸ್. ಜ್ವರ ಒಂದೇ ಆದರೂ ಘಟ್ಟದ ಸೆರಗಿನಲ್ಲಿ ಒಂದು ಶತ್ರು, ಬಯಲಿನಲ್ಲಿ ಇನ್ನೊಂದು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಗೋಡೆಗೆ ಮದ್ದು

ಡಿ.ಡಿ.ಟಿ.ಯನ್ನು 1874ರಲ್ಲೇ ತಯಾರಿಸಲಾಗಿತ್ತು. ಅದು ಕೀಟಗಳನ್ನು ಕೊಲ್ಲುತ್ತದೆ ಎಂದು 1939ರಲ್ಲಿ ಕಂಡುಕೊಂಡವನು ಸ್ವಿಟ್ಸರ್‌ಲೆಂಡಿನ ಪಾಲ್ ಮ್ಯೂಲರ್. ಎರಡನೆಯ ಮಹಾಯುದ್ಧದಲ್ಲಿ ಅದು ಸೈನ್ಯದ ಸ್ವತ್ತಾಗಿತ್ತು. ಯುದ್ಧ ಮುಗಿದ ಮೇಲೆ ನಾಗರಿಕ ಬಳಕೆಗೆ ಸಿಕ್ಕಿತು. 1946ರಲ್ಲಿ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯೊಳಗಿನ ಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ಯೋಜನೆ ಆರಂಭವಾಯಿತು. ಭಾರತದ ಹಳ್ಳಿಗಾಡಿನಲ್ಲಿ ನಡೆದ ಇಂಥ ಮೊದಮೊದಲ ದೊಡ್ಡ ಪ್ರಯೋಗಗಳಲ್ಲಿ ಇದೂ ಒಂದು.

ತೊರೆಗೆ ಹಾಕದೆ ಗೋಡೆಗೇಕೆ? ಕಾಡಿನ ತೊರೆಗಳನ್ನೆಲ್ಲ ಹುಡುಕಿ ಎಣ್ಣೆ ಸುರಿಯುವುದು ಆಗದ ಮಾತು. ಸೇವಂತಿಗೆ ಜಾತಿಯ ಹೂವಿನಿಂದ ತೆಗೆದ ಪೈರಿಥ್ರಮ್ ಸೊಳ್ಳೆಯನ್ನು ಕೊಲ್ಲುತ್ತದೆ, ಆದರೆ ಬೇಗ ವಿಘಟನೆ ಹೊಂದುವುದರಿಂದ ಮತ್ತೆ ಮತ್ತೆ ಸಿಂಪಡಿಸಬೇಕು. ಡಿ.ಡಿ.ಟಿ. ಹಾಗಲ್ಲ, ಗೋಡೆಯ ಮೇಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಫ್ಲುವಿಯಾಟಿಲಿಸ್ ರಕ್ತ ಹೀರಿದ ಮೇಲೆ ಭಾರವಾದ ಹೊಟ್ಟೆಯೊಂದಿಗೆ ಮನೆಯೊಳಗೇ ವಿಶ್ರಮಿಸುತ್ತದೆ. ಆಗ ಅದರ ಕಾಲಿಗೆ ವಿಷ ತಾಗುತ್ತದೆ.

ಇಲ್ಲೊಂದು ಸೊಗಸಾದ ಲೆಕ್ಕವಿದೆ. ರೋಗಿಯ ರಕ್ತ ಹೀರಿದ ಕೂಡಲೇ ಸೊಳ್ಳೆ ರೋಗ ಹರಡಲಾರದು. ಪರೋಪಜೀವಿ ಅದರ ದೇಹದಲ್ಲಿ ಬೆಳೆದು ಜೊಲ್ಲುಗ್ರಂಥಿಗೆ ಬರಲು ಸುಮಾರು 12 ದಿನ ಬೇಕು ಎಂದಿಟ್ಟುಕೊಳ್ಳಿ. ದಿನವೊಂದಕ್ಕೆ ನೂರರಲ್ಲಿ 90 ಸೊಳ್ಳೆಗಳು ಬದುಕಿ ಉಳಿದರೆ, 12 ದಿನಗಳ ನಂತರ ಉಳಿಯುವುದು 0.9ರ 12ನೆಯ ಘಾತ, ಅಂದರೆ ಸುಮಾರು 0.28, ಸಾವಿರದಲ್ಲಿ 280 ಸೊಳ್ಳೆಗಳು. ಸಿಂಪಡಣೆಯಿಂದ ದಿನಕ್ಕೆ ಅರ್ಧದಷ್ಟು ಮಾತ್ರ ಉಳಿಯುವಂತಾದರೆ? 0.5ರ 12ನೆಯ ಘಾತ, ಅಂದರೆ 4096ರಲ್ಲಿ ಒಂದು! ಸೊಳ್ಳೆಗಳನ್ನು ನಿರ್ನಾಮ ಮಾಡಬೇಕಿಲ್ಲ, ಮುದಿಯಾಗಲು ಬಿಡದಿದ್ದರೆ ಸಾಕು. ಈ ತರ್ಕವನ್ನು ಮುಂದೆ 1950ರ ದಶಕದಲ್ಲಿ ಜಾರ್ಜ್ ಮೆಕ್‌ಡೊನಾಲ್ಡ್ ಗಣಿತದ ರೂಪದಲ್ಲಿ ಬೆಳೆಸಿದರು. ನಿಮ್ಮ ವಿದ್ಯಾರ್ಥಿಗಳಿಗೆ ಘಾತಾಂಕ ಕಲಿಸುವಾಗ ಈ ಉದಾಹರಣೆ ಕೊಟ್ಟು ನೋಡಿ.

ಗೋಡೆಯೂ ಸುಲಭದ ವಸ್ತುವಲ್ಲ. ಮಣ್ಣಿನ ಗೋಡೆ ದ್ರಾವಣವನ್ನು ಒಳಗೆ ಹೀರಿಕೊಳ್ಳುತ್ತದೆ. ಹಬ್ಬಕ್ಕೆಂದು ಸಗಣಿ ಸಾರಿಸಿದರೆ, ಕೆಮ್ಮಣ್ಣೋ ಸುಣ್ಣವೋ ಬಳಿದರೆ ವಿಷದ ಪದರ ಮುಚ್ಚಿಹೋಗುತ್ತದೆ. ಮನೆಯವರ ಒಪ್ಪಿಗೆ, ಸಹಕಾರ ಇಲ್ಲದೆ ಈ ಕೆಲಸ ನಡೆಯದು. ಅಡುಗೆಮನೆ, ದೇವರಕೋಣೆಗಳಿಗೂ ಪಂಪು ಹಿಡಿದ ಹೊರಗಿನವರನ್ನು ಬಿಟ್ಟುಕೊಳ್ಳಬೇಕಿತ್ತು. ಆದ್ದರಿಂದ ಈ ಸಂಶೋಧನೆಯಲ್ಲಿ ಹೆಸರಿಲ್ಲದ ಪಾಲುದಾರರು ಸಾವಿರಾರು ಮಂದಿ.

ಎಣಿಕೆ ಮತ್ತು ಹೋಲಿಕೆ

ಸಿಂಪಡಿಸಿದರು, ಜ್ವರ ಇಳಿಯಿತು. ಆದರೆ ಇಳಿದದ್ದು ಸಿಂಪಡಣೆಯಿಂದಲೇ ಎಂದು ಹೇಗೆ ಹೇಳುವುದು? ಆ ವರ್ಷ ಮಳೆ ಹೆಚ್ಚುಕಡಿಮೆಯಾಗಿರಬಹುದಲ್ಲ? ವಿಶ್ವನಾಥನ್ ಮತ್ತು ರಾವ್ ಮೊದಲ ವರ್ಷದ ಫಲಿತಾಂಶ ಪ್ರಕಟಿಸಿ ಸುಮ್ಮನಾಗಲಿಲ್ಲ. ಎರಡನೆಯ, ಮೂರನೆಯ ವರ್ಷದ ಫಲಿತಾಂಶಗಳನ್ನೂ 1947ರಿಂದ 1949ರವರೆಗೆ ಭಾರತೀಯ ಮಲೇರಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. 1949ರಲ್ಲಿ ವಿಶ್ವನಾಥನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಜನನ–ಮರಣದ ಅಂಕಿಅಂಶಗಳನ್ನು ಪ್ರಾಂತ್ಯದ ಉಳಿದ ಭಾಗದೊಂದಿಗೆ ಹೋಲಿಸಿ, ಮಲೇರಿಯ ಮತ್ತು ಅದರ ನಿಯಂತ್ರಣದಿಂದ ಜನಸಂಖ್ಯೆಯ ಮೇಲೆ ಆಗುವ ಪರಿಣಾಮವನ್ನು ಪರಿಶೀಲಿಸಿದರು.

ಇದೇ ಈ ಕೆಲಸವನ್ನು ವಿಜ್ಞಾನವನ್ನಾಗಿಸಿದ್ದು. ಔಷಧ ಪರದೇಶದ್ದು. ಸೊಳ್ಳೆಯ ಗುರುತು, ವರ್ಷದಿಂದ ವರ್ಷಕ್ಕೆ ಎಣಿಕೆ, ಬೇರೆಡೆಯೊಂದಿಗೆ ಹೋಲಿಕೆ, ಇವು ಇಲ್ಲಿಯವು.

ಮದ್ದು ಹೋಯಿತು, ವಿಧಾನ ಉಳಿಯಿತು

ಮುಂಬಯಿ ಪ್ರಾಂತ್ಯ ಮತ್ತು ಇತರೆಡೆಯ ಇಂಥ ಅನುಭವಗಳ ಆಧಾರದ ಮೇಲೆ 1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಆಗ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯ ತಗಲಿ, ಸುಮಾರು 8 ಲಕ್ಷ ಮಂದಿ ಸಾಯುತ್ತಿದ್ದರೆಂದು ಅಂದಾಜು. 1958ರಲ್ಲಿ ಗುರಿ ನಿಯಂತ್ರಣದಿಂದ ನಿರ್ಮೂಲನಕ್ಕೆ ಏರಿತು. 1965ರ ಹೊತ್ತಿಗೆ ರೋಗಿಗಳ ಸಂಖ್ಯೆ ಸುಮಾರು ಒಂದು ಲಕ್ಷಕ್ಕೆ ಇಳಿಯಿತು. ಆದರೆ 1976ರಲ್ಲಿ ಅದು ಮತ್ತೆ 64 ಲಕ್ಷ ದಾಟಿತು!

ಏನಾಯಿತು? ಕಾರಣಗಳು ಹಲವು: ಕೀಟನಾಶಕದ ಕೊರತೆ, ಗೆದ್ದೆವೆಂಬ ಉದಾಸೀನ, ನಗರಗಳ ತೊಟ್ಟಿಗಳಲ್ಲಿ ಬೆಳೆಯುವ ಸೊಳ್ಳೆ. ಒಂದು ಕಾರಣ ನಾವು ಆಗಲೇ ನೋಡಿದ್ದೇ. ಮನೆಯೊಳಗೆ ವಿಶ್ರಮಿಸುವ, ಡಿ.ಡಿ.ಟಿ.ಗೆ ಸುಲಭವಾಗಿ ಬಲಿಯಾಗುವ ಫ್ಲುವಿಯಾಟಿಲಿಸ್ ಎಲ್ಲೆಡೆಯ ಶತ್ರುವಲ್ಲ. ಬಯಲಿನ ಕ್ಯುಲಿಸಿಫೇಸಿಸ್‌ನಲ್ಲಿ 1950ರ ದಶಕದ ಕೊನೆಗೇ ಡಿ.ಡಿ.ಟಿ.ಗೆ ಪ್ರತಿರೋಧ ಕಾಣಿಸಿಕೊಂಡಿತು. ಡಿ.ಡಿ.ಟಿ. ಪರಿಸರದಲ್ಲಿ, ಪ್ರಾಣಿಗಳ ಕೊಬ್ಬಿನಲ್ಲಿ ಉಳಿದು ಹಾನಿ ಮಾಡುವುದೂ ತಿಳಿದುಬಂತು. ಭಾರತ 1989ರಲ್ಲಿ ಕೃಷಿಯಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ಫ್ಲುವಿಯಾಟಿಲಿಸ್ ಕೂಡ ಒಂದೇ ಪ್ರಭೇದವಲ್ಲ, ನೋಡಲು ಒಂದೇ ಆಗಿರುವ ಹಲವು ಪ್ರಭೇದಗಳ ಗುಂಪು ಎಂದು ಸರಳಾ ಸುಬ್ಬರಾವ್ ಮತ್ತು ಸಂಗಡಿಗರು 1994ರಲ್ಲಿ ವರ್ಣತಂತುಗಳ ಅಧ್ಯಯನದಿಂದ ತೋರಿಸಿದರು. ಅವುಗಳಲ್ಲಿ ಒಂದಕ್ಕೆ ಮನುಷ್ಯರ ರಕ್ತವೇ ಇಷ್ಟ, ಉಳಿದವಕ್ಕೆ ದನಗಳದು.

ದೇಶ ಈ ಸೀಮೆಯಿಂದ ಮದ್ದನ್ನು ಎರವಲು ಪಡೆಯಿತು. ಆದರೆ ‘ಇಲ್ಲಿ ಯಾವ ಸೊಳ್ಳೆ?’ ಎಂಬ ಪ್ರಶ್ನೆಯನ್ನು ಪ್ರತಿ ಊರಿನಲ್ಲೂ, ಪ್ರತಿ ವರ್ಷವೂ ಕೇಳುತ್ತಲೇ ಇರಬೇಕು ಎಂಬುದನ್ನು ಅಷ್ಟೇ ಶ್ರದ್ಧೆಯಿಂದ ಪಡೆಯಲಿಲ್ಲ. ಮದ್ದಿಗೆ ಆಯಸ್ಸು ಇದೆ, ವಿಧಾನಕ್ಕೆ ಇಲ್ಲ. ರಾಮಚಂದ್ರ ರಾವ್ ಮುಂದೆ ಪುಣೆಯ ವೈರಸ್ ಸಂಶೋಧನ ಕೇಂದ್ರದ ನಿರ್ದೇಶಕರಾದರು. 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಬೆಳಕಿಗೆ ಬಂದ ಕ್ಯಾಸನೂರು ಕಾಡಿನ ಕಾಯಿಲೆಯನ್ನು ಅಭ್ಯಸಿಸಿದ್ದು ಆ ಕೇಂದ್ರವೇ. ಅಲ್ಲಿ ಸೊಳ್ಳೆಯ ಬದಲು ಉಣ್ಣೆ, ಆದರೆ ಪ್ರಶ್ನೆಯ ಸ್ವರೂಪ ಅದೇ.

ಇನ್ನೊಂದು ಮಾತು. 1946ರಲ್ಲಿ ಮುಂಬಯಿ ಕರ್ನಾಟಕದಲ್ಲಿ ಎಂ.ಬಿ.ಬಿ.ಎಸ್. ಕಲಿಸುವ ಕಾಲೇಜು ಇರಲಿಲ್ಲ. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ. ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು 1957ರಲ್ಲಿ. ಉತ್ತರ ಕನ್ನಡ ಜಿಲ್ಲೆಗೆ ತನ್ನದೇ ಸರ್ಕಾರಿ ವೈದ್ಯಕೀಯ ಕಾಲೇಜು ಕಾರವಾರದಲ್ಲಿ ಆರಂಭವಾದದ್ದು 2016ರಲ್ಲಿ. ಅಂದರೆ ಈ ನೆಲ ವೈದ್ಯವಿಜ್ಞಾನಕ್ಕೆ ಪಾಠ ಹೇಳಿಕೊಟ್ಟ ಎಪ್ಪತ್ತು ವರ್ಷಗಳ ನಂತರ ಇಲ್ಲಿಯ ಮಕ್ಕಳಿಗೆ ತಮ್ಮ ಜಿಲ್ಲೆಯಲ್ಲೇ ಅದನ್ನು ಕಲಿಯುವ ಅವಕಾಶ ಬಂತು.

2030ರೊಳಗೆ ಮಲೇರಿಯವನ್ನು ದೇಶದಿಂದ ನಿವಾರಿಸುವ ಗುರಿ ಈಗ ನಮ್ಮ ಮುಂದಿದೆ. ರೋಗ ಅಪರೂಪವಾದಷ್ಟೂ ಅದನ್ನು ಹುಡುಕುವ ಕೆಲಸ ಕಷ್ಟವಾಗುತ್ತದೆ. ನೀವು ಅಧ್ಯಾಪಕರಾಗಿದ್ದರೆ ವಿದ್ಯಾರ್ಥಿಗಳನ್ನು ಹತ್ತಿರದ ತೊರೆಗೆ, ಕೆರೆಗೆ ಕರೆದೊಯ್ಯಿರಿ. ಒಂದು ಬಿಳಿ ಬಟ್ಟಲಿನಲ್ಲಿ ನೀರು ಮೊಗೆದು ಮರಿಹುಳುಗಳನ್ನು ತೋರಿಸಿ. ನೀರಿನ ಮೇಲ್ಮೈಗೆ ಸಮಾಂತರವಾಗಿ ಮಲಗಿದ್ದರೆ ಅನಾಫಿಲಿಸ್, ತಲೆ ಕೆಳಗಾಗಿ ಓರೆಯಾಗಿ ತೂಗುತ್ತಿದ್ದರೆ ಕ್ಯೂಲೆಕ್ಸ್ ಅಥವಾ ಈಡಿಸ್. ಎಣಿಸಿ ಬರೆದಿಡಲು ಹೇಳಿ. ಮುಂದಿನ ತಿಂಗಳೂ ಎಣಿಸಲು ಹೇಳಿ. ಹಳಿಯಾಳ–ಸೂಪಾ ಸೀಮೆಯ ಕೆಲಸವೂ ಆರಂಭವಾದದ್ದು ಇಂಥ ಎಣಿಕೆಯಿಂದಲೇ.