ಟ್ರಕ್ ಕ್ಯಾಂಪರ್‌ಗೆ ಪಿಕಪ್ ಆಯ್ಕೆ

ಪಿಕಪ್ ಟ್ರಕ್ಕಿನ ಹಿಂಬದಿಯ ಬಾಡಿಯಲ್ಲಿ ಕೂರಿಸಿ ಒಯ್ಯುವ, ಬೇಡವಾದಾಗ ನಾಲ್ಕು ಮೂಲೆಯ ಜ್ಯಾಕುಗಳ ಮೇಲೆ ಇಳಿಸಿಡಬಹುದಾದ ಪುಟ್ಟ ಮನೆಗೆ ಟ್ರಕ್ ಕ್ಯಾಂಪರ್ ಎನ್ನುತ್ತಾರೆ. ಒಳಗೆ ಒಲೆ, ಸಿಂಕು, ಫ್ರಿಜ್ಜು, ಊಟದ ಮೇಜು ಇರುತ್ತವೆ. ದೊಡ್ಡದಾದರೆ ಶೌಚಾಲಯವೂ ಇರುತ್ತದೆ. ಡ್ರೈವರ್ ಕ್ಯಾಬಿನ್ನಿನ ಮೇಲೆ ಚಾಚಿಕೊಂಡ ಭಾಗದಲ್ಲಿ ಹಾಸಿಗೆ. ಅಮೆರಿಕ ಮತ್ತು ಕೆನಡಾಗಳಲ್ಲಿ ಇದರ ಬಳಕೆ ಹೆಚ್ಚು. ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ ತನ್ನ ನಾಯಿ ಚಾರ್ಲಿಯೊಡನೆ ಅಮೆರಿಕ ಸುತ್ತಿದ್ದು ಇಂಥದೇ ಕ್ಯಾಂಪರ್ ಹೊತ್ತ ಜಿಎಂಸಿ ಪಿಕಪ್ಪಿನಲ್ಲಿ. ಡಾನ್ ಕ್ವಿಕ್ಸೋಟ್‌ನ ಕುದುರೆಯ ನೆನಪಿಗೆ ಆತ ‘ರೊಸಿನಾಂಟೆ’ ಎಂದು ಹೆಸರಿಟ್ಟಿದ್ದ ಆ ವಾಹನ ಈಗ ಕ್ಯಾಲಿಫೋರ್ನಿಯದ ಸಲಿನಾಸ್ ಊರಿನ ರಾಷ್ಟ್ರೀಯ ಸ್ಟೈನ್‌ಬೆಕ್ ಕೇಂದ್ರದಲ್ಲಿದೆ.

ಪಿಕಪ್ ಕೊಳ್ಳುವವರು ಸಾಮಾನ್ಯವಾಗಿ ಮೊದಲು ನೋಡುವುದು ಎಂಜಿನ್ನಿನ ಬಲವನ್ನು, ಎಷ್ಟು ಟನ್ ಎಳೆಯಬಲ್ಲದೆಂಬ ಅಂಕಿಯನ್ನು. ಕ್ಯಾಂಪರ್ ವಿಷಯದಲ್ಲಿ ಇವೆರಡೂ ದಾರಿ ತಪ್ಪಿಸುತ್ತವೆ. ಟ್ರೇಲರಿನ ಬಹುಪಾಲು ಭಾರ ಅದರದೇ ಚಕ್ರಗಳ ಮೇಲಿರುತ್ತದೆ. ಕ್ಯಾಂಪರಿನ ಭಾರವನ್ನಾದರೋ ಇಡಿಯಾಗಿ ಟ್ರಕ್ಕೇ ಹೊರಬೇಕು. ಆದ್ದರಿಂದ ಲೆಕ್ಕಕ್ಕೆ ಬರುವುದು ಪೇಲೋಡ್, ಅಂದರೆ ಹೊರೆಯ ಮಿತಿ. ವಾಹನಕ್ಕೆ ನಿಗದಿಯಾದ ಒಟ್ಟು ತೂಕದ ಮಿತಿಯಿಂದ ಅದರ ಖಾಲಿ ತೂಕವನ್ನು ಕಳೆದರೆ ಉಳಿಯುವುದೇ ಇದು. ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ, ಟೈರಿನ ಗಾಳಿಯ ಒತ್ತಡದ ವಿವರದ ಜತೆಗೆ, ಜನ ಮತ್ತು ಸಾಮಾನು ಸೇರಿ ಎಷ್ಟು ಕಿಲೋ ಮೀರಬಾರದೆಂದು ಚೀಟಿಯಲ್ಲಿ ಮುದ್ರಿಸಿರುತ್ತದೆ. ಜಾಹೀರಾತಿನಲ್ಲಿ ಕಾಣುವ ಗರಿಷ್ಠ ಪೇಲೋಡ್ ಸಾಮಾನ್ಯವಾಗಿ ಹೆಚ್ಚಿನ ಸೌಕರ್ಯವಿಲ್ಲದ ಮಾದರಿಯದು. ನಾಲ್ಕು ಬಾಗಿಲಿನ ಕ್ಯಾಬಿನ್, ಫೋರ್ ವ್ಹೀಲ್ ಡ್ರೈವ್, ಡೀಸೆಲ್ ಎಂಜಿನ್ ಒಂದೊಂದೂ ಖಾಲಿ ತೂಕವನ್ನು ಏರಿಸಿ ಹೊರೆಯ ಪಾಲನ್ನು ತಿನ್ನುತ್ತವೆ. ಆದಕಾರಣ ನಂಬಬೇಕಾದದ್ದು ಕೊಳ್ಳಲಿರುವ ಆ ಒಂದೇ ವಾಹನದ ಬಾಗಿಲಿನ ಚೀಟಿಯನ್ನು.

ಕ್ಯಾಂಪರಿನ ತೂಕದಲ್ಲೂ ಇಂಥದೇ ಮರೆಮಾಚು ಉಂಟು. ತಯಾರಕರು ಹೇಳುವುದು ನೀರು, ಗ್ಯಾಸು, ಸಾಮಾನು ಯಾವುದೂ ಇಲ್ಲದ ಒಣ ತೂಕ. ಎಷ್ಟೋ ಸಲ ಹೆಚ್ಚುವರಿ ಸಲಕರಣೆಗಳೂ ಅದರಲ್ಲಿ ಸೇರಿರುವುದಿಲ್ಲ. ಒಂದು ಉದಾಹರಣೆ ನೋಡಬಹುದು. ಒಣ ತೂಕ 1,100 ಕಿಲೋ ಎಂದುಕೊಳ್ಳೋಣ. 40 ಅಮೆರಿಕನ್ ಗ್ಯಾಲನ್ ನೀರು ತುಂಬಿದರೆ 151 ಕಿಲೋ. ತುಂಬಿದ ಎರಡು ಪ್ರೊಪೇನ್ ಸಿಲಿಂಡರಿಗೆ 34, ಬ್ಯಾಟರಿಗೆ 50, ಬಿಗಿಯುವ ಸಲಕರಣೆಗೆ 60, ಬಟ್ಟೆ, ಪಾತ್ರೆ, ದಿನಸಿ, ಹತ್ಯಾರುಗಳಿಗೆ 200, ಇಬ್ಬರು ಪ್ರಯಾಣಿಕರಿಗೆ 150 ಕಿಲೋ ಹಿಡಿದರೆ ಮೊತ್ತ 1,745 ಕಿಲೋ. ಒಣ ತೂಕ ನೋಡಿ 1,400 ಕಿಲೋ ಮಿತಿಯ ಟ್ರಕ್ ತಂದವರು ಹೊರಡುವ ಮೊದಲೇ 345 ಕಿಲೋ ಮೀರಿರುತ್ತಾರೆ. ಕ್ಯಾಂಪರನ್ನು ಮೊದಲು ಆರಿಸಿ, ಅದಕ್ಕೊಪ್ಪುವ ಟ್ರಕ್ಕನ್ನು ಆಮೇಲೆ ಹುಡುಕುವುದೇ ಸರಿಯಾದ ಕ್ರಮ.

ಅಮೆರಿಕದ ಪಿಕಪ್ಪುಗಳನ್ನು ಅರ್ಧ ಟನ್, ಮುಕ್ಕಾಲು ಟನ್, ಒಂದು ಟನ್ ಎಂದು ಇಂದಿಗೂ ವಿಂಗಡಿಸುತ್ತಾರೆ. ಫೋರ್ಡಿನ ಎಫ್-150, ಎಫ್-250, ಎಫ್-350 ಮತ್ತು ರ್‍ಯಾಮ್‌ನ 1500, 2500, 3500 ಇದೇ ಸಾಲಿನವು. ಈಗ ಅವು ಹೊರುವ ಭಾರ ಈ ಹಳೆಯ ಹೆಸರುಗಳಿಗಿಂತ ಹೆಚ್ಚು. ಅರ್ಧ ಟನ್ನಿನವಕ್ಕೆ ಮೇಲ್ಚಾವಣಿ ಮಡಚುವ ಹಗುರ ಕ್ಯಾಂಪರ್ ಮಾತ್ರ ಸರಿ. ಮುಕ್ಕಾಲು ಟನ್ನಿನ ಎಷ್ಟೋ ಮಾದರಿಗಳ ಒಟ್ಟು ತೂಕದ ಮಿತಿ 10,000 ಪೌಂಡ್, ಅಂದರೆ ಸುಮಾರು 4,536 ಕಿಲೋಗೆ ನಿಂತಿದೆ. ಅಲ್ಲಿ ಭಾರದ ಡೀಸೆಲ್ ಎಂಜಿನ್ ಹಾಕಿಸಿದರೆ ಕ್ಯಾಂಪರಿಗೆ ಉಳಿಯುವುದು ಕಡಿಮೆ. ಹೀಗಾಗಿ ಗಟ್ಟಿ ಗೋಡೆಯ, ಸ್ನಾನಗೃಹವುಳ್ಳ ಕ್ಯಾಂಪರಿಗೆ ಒಂದು ಟನ್ನಿನ ಪಿಕಪ್ಪೇ ಬೇಕು. ಹಿಂದೆ ಜೋಡಿ ಟೈರುಗಳಿರುವ ‘ಡ್ಯುಯಲಿ’ ಇನ್ನೂ ಮೇಲು: ಭಾರವನ್ನೂ ಹೊರುತ್ತದೆ, ಅಡ್ಡಗಾಳಿಯಲ್ಲೂ ತಿರುವಿನಲ್ಲೂ ತೂರಾಟವನ್ನು ತಗ್ಗಿಸುತ್ತದೆ. ಅಗಲವಾದ ಹಿಂಭಾಗದಿಂದ ಇಕ್ಕಟ್ಟಿನ ದಾರಿಯಲ್ಲಿ ತೊಂದರೆಯಿದ್ದರೂ ದೂರದ ಪ್ರಯಾಣದಲ್ಲಿ ಅದು ಸಹಿಸತಕ್ಕದ್ದೇ.

ಭಾರ ಎಷ್ಟು ಎಂಬುದರಷ್ಟೇ ಅದು ಎಲ್ಲಿ ಕೂರುತ್ತದೆ ಎಂಬುದೂ ಮುಖ್ಯ. ಕ್ಯಾಂಪರಿನ ಗುರುತ್ವಕೇಂದ್ರ ಹಿಂದಿನ ಆಕ್ಸಲಿಗಿಂತ ಮುಂದೆ ಬೀಳಬೇಕು. ಹಿಂದೆ ಸರಿದರೆ ಮುಂದಿನ ಚಕ್ರಗಳ ಮೇಲಿನ ಭಾರ ಹಗುರಾಗಿ ಸ್ಟೀರಿಂಗ್ ಹಿಡಿತ ತಪ್ಪುತ್ತದೆ. 8 ಅಡಿಯ ಉದ್ದ ಬಾಡಿಯಲ್ಲಿ ದೊಡ್ಡ ಕ್ಯಾಂಪರ್ ಸರಿಯಾಗಿ ಕೂರುತ್ತದೆ; ಐದೂವರೆ ಅಡಿಯದರಲ್ಲಿ ಅದೇ ಕ್ಯಾಂಪರ್ ಹಿಂದಕ್ಕೆ ಜೋತುಬೀಳುತ್ತದೆ. ಬಿಗಿಯುವ ಕೊಂಡಿಗಳನ್ನು ಬಾಡಿಯ ತಗಡಿಗೆ ಸಿಕ್ಕಿಸುವುದಕ್ಕಿಂತ ಚಾಸಿಗೇ ಜೋಡಿಸುವುದು ಕ್ಷೇಮ.

ಟೈರಿನ ಪಕ್ಕೆಯ ಅಂಕಿಯನ್ನೂ ಓದಬೇಕು. ಭಾರಸೂಚಿ 121 ಎಂದಿದ್ದರೆ, ಅದಕ್ಕೆ ಹೇಳಿದ ಗಾಳಿಯೊತ್ತಡದಲ್ಲಿ ಆ ಟೈರು 1,450 ಕಿಲೋ ಹೊರಬಲ್ಲದು. ಹೆಚ್ಚುವರಿ ಕಮಾನು ಪಟ್ಟಿ ಅಥವಾ ಗಾಳಿಚೀಲ ಹಾಕಿಸಿದರೆ ಹಿಂಬದಿ ಕುಸಿಯುವುದು ನಿಲ್ಲುತ್ತದೆ, ಓಲಾಟ ತಗ್ಗುತ್ತದೆ. ಆದರೆ ಚಾಸಿ, ಆಕ್ಸಲ್, ಬ್ರೇಕುಗಳ ಶಕ್ತಿ ಅದರಿಂದ ಹೆಚ್ಚುವುದಿಲ್ಲ. ಬಾಗಿಲಿನ ಚೀಟಿಯ ಮಿತಿ ಹಾಗೆಯೇ ಉಳಿಯುತ್ತದೆ.

ಎಂಜಿನ್ನಿನ ಆಯ್ಕೆಯಲ್ಲಿ ದಾರಿಯೇ ನಿರ್ಣಾಯಕ. ಟರ್ಬೊ ಡೀಸೆಲ್ ಎತ್ತರದ ಘಟ್ಟಗಳಲ್ಲಿ ಸೊರಗುವುದಿಲ್ಲ, ಅದರ ಎಕ್ಸಾಸ್ಟ್ ಬ್ರೇಕ್ ಉದ್ದನೆಯ ಇಳಿಜಾರಿನಲ್ಲಿ ಚಕ್ರದ ಬ್ರೇಕುಗಳು ಕಾಯದಂತೆ ಕಾಪಾಡುತ್ತದೆ. ಪೆಟ್ರೋಲ್ ಎಂಜಿನ್ ಹಗುರ, ಅಗ್ಗ, ರಿಪೇರಿಯೂ ಸುಲಭ. ಅಲಾಸ್ಕದ ಡಾಲ್ಟನ್ ಹೆದ್ದಾರಿಯಲ್ಲಿ ಕೋಲ್ಡ್‌ಫುಟ್ ಬಿಟ್ಟರೆ ಡೆಡ್‌ಹಾರ್ಸ್ ತನಕ ಸುಮಾರು 386 ಕಿಲೋಮೀಟರ್ ಇಂಧನ ಸಿಗುವುದಿಲ್ಲ. ಅಂಥ ಕಡೆಗೆ ಹೋಗುವವರಿಗೆ ದೊಡ್ಡ ಟ್ಯಾಂಕ್ ಮತ್ತು ಪೂರ್ಣ ಗಾತ್ರದ ಸ್ಟೆಪ್ನಿ ಅಗತ್ಯ.

ಕೊನೆಯ ಪರೀಕ್ಷೆ ವೇಬ್ರಿಡ್ಜಿನಲ್ಲಿ. ಅಮೆರಿಕದ ಹೆದ್ದಾರಿಯ ಟ್ರಕ್ ನಿಲ್ದಾಣಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲಿನ ತೂಕವನ್ನು ಬೇರೆ ಬೇರೆಯಾಗಿ ಅಳೆದು ಚೀಟಿ ಕೊಡುತ್ತಾರೆ. ನೀರು ತುಂಬಿಸಿ, ಸಾಮಾನು ಜೋಡಿಸಿ, ಎಲ್ಲರೂ ಹತ್ತಿ ಕೂತ ಮೇಲೆ ತೂಗಿಸಿ. ಹಿಂದಿನ ಆಕ್ಸಲ್ ಮಿತಿ ಮೀರಿದ್ದರೆ ಸಾಮಾನು ಇಳಿಸಿಯೇ ಮುಂದೆ ಹೊರಡಿ.