ಅಗೆಯುವ ಮುನ್ನ ಅಳೆಯುವ ವಿದ್ಯೆ

ರಾಜರ ಯುದ್ಧಗಳನ್ನೂ ಕವಿಗಳ ಕಾಲವನ್ನೂ ಕುರಿತು ನಾವು ಎಷ್ಟೋ ಚರ್ಚಿಸುತ್ತೇವೆ. ಬೀದಿಯ ಬದಿಯಲ್ಲಿ ಕುಳಿತು, ಕೈಯಲ್ಲೊಂದು ಮೀಟರು ಹಿಡಿದು, ದೂರವಾಣಿಯ ತಂತಿಗಳನ್ನು ಜೋಡಿಜೋಡಿಯಾಗಿ ಪರೀಕ್ಷಿಸುವ ಲೈನ್‌ಮನ್ನನಿಗೂ ಒಂದು ಚರಿತ್ರೆಯುಂಟೆಂಬುದು ನೆನಪಿಗೆ ಬರುವುದು ಅಪರೂಪ. ಕನ್ನಡ ಪಾಠ ಹೇಳುವ ನನಗೆ ಈ ಚರಿತ್ರೆ ಪ್ರಿಯವಾಗಿದೆ. ಕಣ್ಣಿಗೆ ಕಾಣದ ದೋಷವನ್ನು ನೆಲ ಅಗೆಯದೆ ಗುರುತಿಸುವ ವಿದ್ಯೆಯು ವಿದ್ವಾಂಸರ ಮೇಜಿನಿಂದ ಕೆಲಸಗಾರನ ಚೀಲಕ್ಕೆ ಇಳಿದುಬಂದ ಕಥೆ ಇದು.

ಈ ವಿದ್ಯೆ ಎಷ್ಟು ಅಗತ್ಯವೆಂಬುದನ್ನು ಮೊದಲು ಕಲಿಸಿದ್ದು ತಂತಿವಾರ್ತೆ. 1858ರ ಆಗಸ್ಟ್‌ನಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಕೇಬಲ್ ಹಾಸಿ ಮುಗಿಯಿತು. ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶ ಆಚೆ ದಡ ಸೇರಲು ಸುಮಾರು 16 ಗಂಟೆ ಹಿಡಿಯಿತು. ಕೇಬಲ್ಲಿನ ಹೊದಿಕೆ ಮೊದಲೇ ದುರ್ಬಲವಾಗಿತ್ತು. ಸಂಕೇತ ಕ್ಷೀಣಿಸಿತೆಂದು ವೈಟ್‌ಹೌಸ್ ಎಂಬಾತ ಸುಮಾರು 2,000 ವೋಲ್ಟುಗಳ ಒತ್ತಡ ಪ್ರಯೋಗಿಸಿದನು. ಕೆಲವೇ ವಾರಗಳಲ್ಲಿ ಕೇಬಲ್ ಮೂಕವಾಯಿತು. ವಿಲಿಯಂ ಥಾಮ್ಸನ್ನನ ಮಾರ್ಗವೇ ಬೇರೆ. ಅವನ ಗ್ಯಾಲ್ವನೋಮೀಟರಿನಲ್ಲಿ ಪುಟ್ಟ ಕನ್ನಡಿಯೊಂದು ಅತ್ಯಲ್ಪ ಪ್ರವಾಹಕ್ಕೂ ಹೊರಳಿ, ಬೆಳಕಿನ ಚುಕ್ಕೆಯನ್ನು ಅಳತೆಪಟ್ಟಿಯ ಮೇಲೆ ಸರಿಸುತ್ತಿತ್ತು. ಮುಂದೆ ಹಡಗಿನಿಂದ ಕೇಬಲ್ ಇಳಿಯುತ್ತಿರುವಾಗಲೇ ಅದನ್ನು ಪರೀಕ್ಷಿಸುತ್ತ ಹೋದರು. 1866ರಲ್ಲಿ ಶಾಶ್ವತ ಸಂಪರ್ಕ ಕೈಗೂಡಿತು.

ದೂರವಾಣಿ ಬಂದ ಮೇಲೆ ತಂತಿ ಜೋಡಿಯಾಯಿತು. ಒಂದಕ್ಕೊಂದು ಹೆಣೆದ ಎರಡು ತಂತಿಗಳ ಕ್ರಮಕ್ಕೆ ಗ್ರಹಾಂ ಬೆಲ್ 1881ರಲ್ಲಿ ಪೇಟೆಂಟು ಪಡೆದನು. ನೆರೆಯ ತಂತಿಗಳ ಗದ್ದಲ ಎರಡರ ಮೇಲೂ ಸಮನಾಗಿ ಬಿದ್ದು ಅಳಿಸಿಹೋಗಲೆಂಬುದೇ ಅದರ ಉದ್ದೇಶ.

ಜೋಡಿಯ ದೋಷ ಹುಡುಕುವ ಲೆಕ್ಕ ಬಹು ಸರಳ. ತಂತಿ ಉದ್ದವಾದಷ್ಟೂ ಅದರ ರೋಧ ಹೆಚ್ಚು. ಅರ್ಧ ಮಿಲಿಮೀಟರು ದಪ್ಪದ ತಾಮ್ರದ ಜೋಡಿಗೆ, ಹೋಗಿಬರುವ ದಾರಿ ಸೇರಿ, ಕಿಲೋಮೀಟರಿಗೆ ಸುಮಾರು 170 ಓಮ್. ಎರಡು ತಂತಿಗಳೂ ಎಲ್ಲೋ ಚೆನ್ನಾಗಿ ಕೂಡಿಕೊಂಡು ಮೀಟರು 340 ತೋರಿಸಿದರೆ, ದೋಷ ಸುಮಾರು ಎರಡು ಕಿಲೋಮೀಟರು ದೂರದಲ್ಲಿದೆ. ಆದರೆ ಮಳೆನೀರು ಹೊಕ್ಕು ತಂತಿಯೊಂದು ನೆಲಕ್ಕೆ ಸೋರತೊಡಗಿದರೆ, ಸೋರುವ ಜಾಗದ ರೋಧವೂ ಸೇರಿಕೊಂಡು ಲೆಕ್ಕ ಕೆಡುತ್ತದೆ. ಆಗ ಒಳ್ಳೆಯ ತಂತಿಯೊಂದನ್ನು ದೂರದ ತುದಿಯಲ್ಲಿ ಅದಕ್ಕೆ ಜೋಡಿಸಿ, ದೋಷದ ಎರಡು ಕಡೆಯ ಉದ್ದಗಳನ್ನೂ ತೂಗಿ ನೋಡಬೇಕು. ಕೆಟ್ಟದ್ದರ ನಿಜ ತಿಳಿಯಲು ಒಳ್ಳೆಯದರ ಸಾಕ್ಷ್ಯ ಬೇಕಾಯಿತು! ಮರೇ ಲೂಪ್ ಎಂಬ ಈ ಪರೀಕ್ಷೆಗೆ ಆಧಾರವಾದ ಸೇತುವೆ ಮಂಡಲವನ್ನು 1833ರಲ್ಲಿ ಕ್ರಿಸ್ಟಿ ವಿವರಿಸಿದ್ದನು. 1843ರಲ್ಲಿ ಅದನ್ನು ಪ್ರಚಾರಕ್ಕೆ ತಂದ ವೀಟ್‌ಸ್ಟನ್ನನ ಹೆಸರೇ ಅದಕ್ಕೆ ಉಳಿಯಿತು.

ಆದರೂ ಪ್ರವಾಹಕ್ಕೊಂದು, ಒತ್ತಡಕ್ಕೊಂದು, ರೋಧಕ್ಕೊಂದು ಎಂದು ಬೇರೆಬೇರೆ ಉಪಕರಣಗಳನ್ನು ಹೊರಬೇಕಾಗಿತ್ತು. ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡಿ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಅಡಕಗೊಳಿಸಿದನು. 1923ರಲ್ಲಿ ಅದು ಆವೋಮೀಟರ್ ಆಗಿ ಹೊರಬಂತು. ಆಂಪಿಯರ್, ವೋಲ್ಟ್, ಓಮ್‌ಗಳ ಮೊದಲಕ್ಷರಗಳೇ ಆ ಹೆಸರು. ಮೆಕಾಡಿ ತಾನೇ ಈ ಹೊರೆಯನ್ನು ಬಲ್ಲವನಾಗಿದ್ದನೆಂಬುದು ಗಮನಾರ್ಹ.

ಇಂದು ತಾಮ್ರದ ಸ್ಥಾನಕ್ಕೆ ಗಾಜಿನೆಳೆ ಬರುತ್ತಿದೆ. ಎಳೆಯೊಳಗೆ ಬೆಳಕಿನ ಮಿಣುಕು ಬಿಟ್ಟು, ಅದು ಮರಳಿ ಬರುವ ಕಾಲದಿಂದ ತುಂಡಾದ ಜಾಗದ ದೂರ ತಿಳಿಯುತ್ತಾರೆ. ಆ ಅಂಕಿಯಲ್ಲಿ ಐವತ್ತು ಮೀಟರು ತಪ್ಪಿದರೂ ಯಾರದೋ ಮನೆಯ ಮುಂದೆ ವೃಥಾ ಗುಂಡಿ ಬೀಳುತ್ತದೆ, ಹಾರೆ ಹಿಡಿದವರ ಒಂದು ದಿನದ ಬೆವರು ಹಾಳಾಗುತ್ತದೆ.